ನಂಜತ್ತೆಯ ಕಾರ ಹುಣ್ಣಿಮೆ

ಕಾರ ಹುಣ್ಣಿಮೆ ಅಂದರೆ ಮೆಣಸಿನಕಾಯಿ ಹಬ್ಬ ಅಂತ ಮೀಸೆ ಬಂದಮೇಲೂ ನಂಬಿದ್ದ ಜಾಣ ತಮಿಳುಸೀಮೆಯ ಈ ಪಲ್ಲಡಂನಲ್ಲಿ ನಾನೊಬ್ಬನೇ. ಅದಕ್ಕೆ ಅರ್ಧ ಕಾರಣ ನಮ್ಮಪ್ಪನ ಅಕ್ಕ, ನಂಜತ್ತೆ.

ಅತ್ತೆಯ ಬಾಯಿಗೆ ಸ್ವಿಚ್ಚಿರಲಿಲ್ಲ. ಮನೆಯ ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ, ಕರೆಂಟು ಹೋಗಿ ಮಗ್ಗ ನಿಂತಾಗಲೂ ಅದೇ ಗಂಟಲು. ಗುಟ್ಟು ಹೇಳಿದರೆ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತಿತ್ತು. ಆ ಗಂಟಲನ್ನು ಅನುಕರಿಸಿಯೇ ನಾನು ಬೀದಿಯಲ್ಲಿ ಹೆಸರು ಮಾಡಿದ್ದು. ಕ್ಯಾಲೆಂಡರ್ ಅವಳಿಗೆ ಬೇಡ, ಎಲ್ಲಕ್ಕೂ ಹುಣ್ಣಿಮೆಯೇ ಲೆಕ್ಕ. ಚಳಿ ಮನೆಯೊಳಗೆ ಕಾಲಿಡುವುದು ಹೊಸ್ತಿಲ ಹುಣ್ಣಿಮೆಗೆ. ಅವತ್ತು ಹೊಸ್ತಿಲಿಗೆ ಅರಿಶಿನ. ಆಡಿ, ಅಂದರೆ ಆಷಾಢದ, ಗಾಳಿ ಅಡಗಿದರೆ ನೂಲ ಹುಣ್ಣಿಮೆ. ಗಂಡಸರಿಗೆ ಹೊಸ ಜನಿವಾರ, ಮಗ್ಗಕ್ಕೂ ಒಂದೆಳೆ ಹೊಸ ನೂಲು. "ಗಂಡಸರಿಗಿಂತ ಮಗ್ಗ ವಾಸಿ ಕಣೋ, ಹಾಕ್ಕೊಂಡ ನೂಲಿಗೆ ದುಡೀತದೆ" ಅನ್ನುವಳು.

ಅತ್ತೆಯ ಮೊಮ್ಮಗಳು, ಗೌರಿ ಹುಣ್ಣಿಮೆಗೆ ಹುಟ್ಟಿದ ಗೌರಿಯನ್ನು ನೋಡಲು ತಿರುಪ್ಪೂರಿನಿಂದ ಗಂಡಿನವರು ಬರುವುದಾಯಿತು. ಮೈಸೂರು ಕಡೆಯ ಜನ. ಹುಡುಗ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಗೌರಿಗೆ ಆಗಲೇ ಮನಸ್ಸಾಗಿತ್ತು. ಇದು ತಪ್ಪಿದರೆ ಅನ್ನೋ ಭಯಕ್ಕೆ ಅತ್ತೆಯ ಗಂಟಲೇ ಇಳಿದಿತ್ತು. "ಕಾರ ಹುಣ್ಣಿಮೆಗೆ ಬರ್ತಾರೆ. ಹಬ್ಬಕ್ಕೆ ತಕ್ಕಂಗೆ ಪಲಹಾರ ತಗೊಂಡ್ ಬಾಡಾ" ಅಂದಳು ನನಗೆ.

ನೂಲ ಹುಣ್ಣಿಮೆಗೆ ನೂಲು, ಹೊಸ್ತಿಲ ಹುಣ್ಣಿಮೆಗೆ ಹೊಸ್ತಿಲು. ಹಾಗಾದರೆ ಕಾರ ಹುಣ್ಣಿಮೆಗೆ? ತಂದೆ: ಕಾರಪೊರಿ ಅನ್ನೋ ಖಾರದ ಮಂಡಕ್ಕಿ, ಕಾರಸೇವು, ಕಾರಬೋಂಡ, ಮೆಣಸಿನಕಾಯಿ ಬಜ್ಜಿ. ಸಿಹಿ ಒಂದು ಚೂರೂ ಇಲ್ಲ. ಗಂಡಿನ ತಾಯಿ ಮರ್ಯಾದೆಗೆ ಒಂದು ಬಜ್ಜಿ ಕಚ್ಚಿದರು. ಕಣ್ಣು ಮೂಗು ಒಟ್ಟಿಗೆ ಸುರಿಯಿತು. ಕಾರು ಅಂದರೆ ಮಳೆಗಾಲ, ಎತ್ತಿಗೆ ಬಣ್ಣ ಹಚ್ಚಿ ಹೋಳಿಗೆ ತಟ್ಟುವ ಹಬ್ಬ ಅಂತ ಅವರ ಯಜಮಾನರು ನನಗೆ ಪಾಠ ಮಾಡಿದರು. ಆ ತಿಂಗಳು ಮಳೆ ಪಾಲಕ್ಕಾಡಿನಲ್ಲೇ ಇಳಿದುಕೊಂಡು ನಮ್ಮೂರಿಗೆ ಬರೀ ಗಾಳಿ ಕಳಿಸುತ್ತೆ. ನನಗೆ ಹೇಗೆ ಗೊತ್ತಾಗಬೇಕು? ಬಾಗಿಲ ಹಿಂದಿನಿಂದ ಗೌರಿ ನನ್ನನ್ನು ಕಣ್ಣಲ್ಲೇ ಹುರಿಯುತ್ತಿದ್ದಳು.

ಅತ್ತೆ ಹೋಗಿ ಎರಡು ಹೊಸ್ತಿಲ ಹುಣ್ಣಿಮೆ ಕಳೆದವು. ಅವಳ ಗಂಟಲು ಈಗ ನನ್ನ ಹತ್ತಿರ ಮಾತ್ರ ಇದೆ. ಗೌರಿ ತವರಿಗೆ ಬಂದಾಗಲೆಲ್ಲ ಅವತ್ತಿನ ಮಾತನ್ನು ನನ್ನ ಬಾಯಲ್ಲಿ ಆಡಿಸುತ್ತಾಳೆ. ಗಂಡಿನ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, ಹೆಣ್ಣು ನೋಡೋಕೆ ಬಂದವರನ್ನ ಅಳಿಸಿ ಕಳಿಸ್ತೀರಾ ಅಂತ ಏಳಲು ಹೊರಟಾಗ, ಅತ್ತೆ ನೀರಿನ ಚೊಂಬು ಅವರ ಕೈಗಿಟ್ಟು, ನಿಂತ ಮಗ್ಗವೂ ಬೆಚ್ಚುವಂತೆ ಅಂದದ್ದು:

"ಹೆಣ್ಣು ಕಳಿಸೋ ದಿವಸ ಅಳಬೇಕಾದವಳು ನಾನು. ನನ್ನ ಪಾಲಿಂದೂ ನೀವೇ ಅತ್ತಾಯ್ತಲ್ಲ ಬೀಗಿತ್ತಿ, ಇನ್ನ ತಾಂಬೂಲ ತಗೊಳ್ಳಿ."