ಗುರ್ ಎನ್ನುವುದನ್ನು ಬಿಟ್ಟಿದ್ದ ನಾಯಿ

೧೯೮೩ರಲ್ಲಿ ನಾನು ಮಾಯಸಂದ್ರದಲ್ಲಿ ಪಶುವೈದ್ಯನಾಗಿದ್ದೆ. ಸುತ್ತಲಿನ ಹಳ್ಳಿಗಳಿಂದ ನನ್ನ ಬಳಿಗೆ ಬರುತ್ತಿದ್ದುದು ಹೆಚ್ಚಾಗಿ ಹಸು, ಎಮ್ಮೆ, ಕುರಿ. ನಾಯಿಯನ್ನು ಡಾಕ್ಟರಿಗೆ ತೋರಿಸುವ ರೂಢಿ ಇರಲಿಲ್ಲ. ನಾಯಿಯ ವಿಷಯಕ್ಕೆ ಯಾರಾದರೂ ಬಂದರೆ ಅದು ಯಾರನ್ನೋ ಕಚ್ಚಿದೆ ಎಂದೇ ಅರ್ಥ.

ಆ ಬೇಸಿಗೆಯ ಒಂದು ಬೆಳಿಗ್ಗೆ ಗಂಗಾಧರಪ್ಪ ಸೈಕಲ್ ತುಳಿದುಕೊಂಡು ಬಂದರು. ಹತ್ತಿರದ ಹಳ್ಳಿಯೊಂದರಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದವರು. ಅವರ ನಾಯಿ ಕೆಂಚ ಹಿಂದಿನ ದಿನ ಅವರ ಹೆಂಡತಿ ಶಾಂತಮ್ಮನ ಮುಂಗೈ ಕಚ್ಚಿತ್ತು. ಆಕೆಗೆ ಏಳು ತಿಂಗಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು.

ಆಸ್ಪತ್ರೆಯಲ್ಲಿ ಗಾಯ ತೊಳೆದು ರೇಬೀಸ್ ಇಂಜೆಕ್ಷನ್ ಶುರು ಮಾಡಿದ್ದರು. ಆಗೆಲ್ಲ ಅದನ್ನು ದಿನಕ್ಕೊಂದರಂತೆ ಹೊಟ್ಟೆಯ ಚರ್ಮದಡಿಗೇ ಕೊಡುತ್ತಿದ್ದರು, ಒಟ್ಟು ಹದಿನಾಲ್ಕು. ಹುಚ್ಚು ಹಿಡಿದ ನಾಯಿ ಸಾಮಾನ್ಯವಾಗಿ ಕಚ್ಚಿದ ಹತ್ತು ದಿನದೊಳಗೆ ಸಾಯುತ್ತದೆ. ಹಾಗಾಗಿ ನಾಯಿ ಹತ್ತು ದಿನ ಬದುಕಿದ್ದರೆ ಉಳಿದ ಸೂಜಿ ಬೇಡ, ಸತ್ತರೆ ಅಷ್ಟೂ ಹಾಕಿಸಲೇಬೇಕು ಎಂದು ಅಲ್ಲಿನ ಡಾಕ್ಟರು ಹೇಳಿ ಕಳಿಸಿದ್ದರು. ಬಸುರಿಯ ಹೊಟ್ಟೆಗೆ ಸೂಜಿ ಎಂದರೆ ಆ ಮನೆಯವರ ಜೀವವೇ ಹೋದಂತಾಗಿತ್ತು. ಆದರೂ ಗಂಗಾಧರಪ್ಪ ನನ್ನ ಬಳಿ ಬಂದದ್ದು ನಾಯಿಯನ್ನು ಕೊಲ್ಲುವ ಔಷಧಿಗಾಗಿ.

ಅದನ್ನು ಕೊಂದರೆ ನಿಮ್ಮ ಹೆಂಡತಿಗೇ ಕಷ್ಟ ಎಂದು ಬಿಡಿಸಿ ಹೇಳಿ, ಅವರ ಜೊತೆಗೇ ಹೊರಟೆ.

ಕೆಂಚನನ್ನು ಕೊಬ್ಬರಿ ಮನೆಯಲ್ಲಿ, ಕಾಯಿ ತುಂಬಿದ ಅಟ್ಟದ ಕೆಳಗೆ, ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ್ದರು. ಬಾಗಿಲಲ್ಲಿ ದೊಣ್ಣೆ ಹಿಡಿದ ಜನ. ನಾಯಿಯ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಅನ್ನ, ನೀರು ಎರಡನ್ನೂ ಮುಟ್ಟಿರಲಿಲ್ಲ. ಎಲ್ಲವೂ ಹುಚ್ಚಿನ ಲಕ್ಷಣಗಳೇ. ಯಾರೂ ಹತ್ತಿರ ಹೋಗಬೇಡಿ, ಯಾರೂ ಹೊಡೆಯಬೇಡಿ ಎಂದಷ್ಟೇ ಹೇಳಿ ಬಂದೆ.

ಮೂರನೆಯ ದಿನ ಅದು ಏಳಲಾರದೆ ಮಲಗಿತ್ತು. ಸತ್ತರೆ ತಲೆ ಕತ್ತರಿಸಿ ಮೆದುಳಿನ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಬೇಕಿತ್ತು. ಅದನ್ನು ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದಾಗ ಶಾಂತಮ್ಮ ಬಾಗಿಲಿಗೆ ಬಂದರು. ಬ್ಯಾಂಡೇಜು ಸುತ್ತಿದ ಕೈ ಹೊಟ್ಟೆಯ ಮೇಲಿತ್ತು.

“ಅದು ಬದುಕೋ ಹಂಗೆ ಏನಾರ ಮಾಡಿ ಸಾರ್. ನಿಮ್ಗೆ ಕೈ ಮುಗೀತೀನಿ.”

ನಾನು ಇನ್ನೂ ಎರಡು ಹೆಜ್ಜೆ ಒಳಗೆ ಹೋದೆ. ಆಗ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಕುತ್ತಿಗೆಯ ದಟ್ಟ ಕೂದಲಿನ ಮೇಲೆ ನೊಣ ಮುತ್ತಿದ್ದವು. ಮುಟ್ಟುವಂತಿಲ್ಲ. ಹುಚ್ಚೇ ಆಗಿದ್ದರೆ ಅದರ ಜೊಲ್ಲು ನನ್ನ ಕೈಯ ಸಣ್ಣ ಗೀರಿಗೆ ತಗುಲಿದರೂ ಸಾಕಿತ್ತು. ಮುಟ್ಟದಿದ್ದರೆ ಅದು ನಾಳೆಗೆ ಉಳಿಯುವುದಿಲ್ಲ. ಕೈಗವಸು ಹಾಕಿಕೊಂಡೆ. ಉದ್ದ ಕೋಲಿನ ಕವೆಯಿಂದ ತಲೆ ಒತ್ತಿ ಹಿಡಿಯಲು ಗಂಗಾಧರಪ್ಪನಿಗೆ ಹೇಳಿ, ತೊಡೆಗೆ ಮಂಪರಿನ ಇಂಜೆಕ್ಷನ್ ಕೊಟ್ಟೆ.

ಕೂದಲು ಕತ್ತರಿಸಿದಾಗ ಕಂಡಿತು. ಮರಿಯಾಗಿದ್ದಾಗ ಕಟ್ಟಿದ ತೆಂಗಿನ ನಾರಿನ ಹಗ್ಗ. ನಾಯಿ ಬೆಳೆದಿತ್ತು, ಹಗ್ಗ ಬೆಳೆದಿರಲಿಲ್ಲ. ಅದು ಚರ್ಮ ಸೀಳಿ ಮಾಂಸದಲ್ಲಿ ಹೂತುಹೋಗಿತ್ತು. ಹೊರಗುಳಿದಿದ್ದ ಅದರ ಗಂಟಿಗೇ ಸರಪಳಿ ಸಿಕ್ಕಿಸಿದ್ದರು. ಉಗುಳು ನುಂಗಲೂ ಆಗದ ನೋವು. ಶಾಂತಮ್ಮ ಸರಪಳಿ ಬಿಚ್ಚಲು ಹೋದಾಗ ಕೈ ತಾಗಿದ್ದು ಅಲ್ಲಿಗೇ.

ಹಗ್ಗ ಕತ್ತರಿಸಿ ತೆಗೆದು, ಗಾಯ ತೊಳೆದು ಔಷಧಿ ಹಾಕಿದೆ. ಕತ್ತು ಮುಟ್ಟಲು ಹೋದಾಗ ಮೊದಲೆಂದೂ ಗುರುಗುಟ್ಟಿರಲಿಲ್ಲವೇ ಎಂದು ಕೇಳಿದೆ.

ಗಂಗಾಧರಪ್ಪ ಹಗ್ಗದ ತುಂಡನ್ನೇ ನೋಡುತ್ತಿದ್ದರು. “ಅಂತಿತ್ತು ಸಾರ್. ಸಾಕಿದೋರ ಮೇಲೇ ಗುರ್ ಅಂತೀಯಾ ಅಂತ ಬಾರುಕೋಲಲ್ಲಿ ಹೊಡೀತಿದ್ದೆ. ಆಮೇಲಾಮೇಲೆ ಬಿಟ್ಟುಬುಡ್ತು. ಬುದ್ಧಿ ಕಲೀತು ಅನ್ಕೊಂಡೆ.”

ಗಾಯ ಸಿಕ್ಕಿತೆಂದು ಹುಚ್ಚಿಲ್ಲ ಎನ್ನುವಂತಿರಲಿಲ್ಲ. ಎರಡೂ ಇರಬಹುದಿತ್ತು. ಶಾಂತಮ್ಮನಿಗೆ ದಿನವೂ ಸೂಜಿ ಬೀಳುತ್ತಲೇ ಇತ್ತು. ಹೊಟ್ಟೆ ಊದಿ ಕೆಂಪಾಗಿ, ಜ್ವರ ಬಂದು, ಕೂಸು ಮಿಸುಕಾಡುತ್ತಿಲ್ಲ ಎಂದು ಒಂದು ದಿನ ಆಕೆ ಅತ್ತರೆಂದು ಅವರತ್ತೆ ಹೇಳಿದರು. ಐದನೆಯ ದಿನವೂ ಕೆಂಚ ಏನೂ ಮುಟ್ಟಲಿಲ್ಲ. ಆರನೆಯ ದಿನ ನಾನು ಹೋದಾಗ ರಾಗಿ ಗಂಜಿಯ ಬೋಗುಣಿ ಅರ್ಧ ಖಾಲಿಯಾಗಿತ್ತು. ಗಂಗಾಧರಪ್ಪ ಅದನ್ನೆತ್ತಿ ನನಗೆ ತೋರಿಸಿದರು.

ಹತ್ತು ದಿನ ಕಳೆದರೂ ನಾಯಿ ಬದುಕಿತ್ತು. ಆಸ್ಪತ್ರೆಯಲ್ಲಿ ಸೂಜಿ ನಿಲ್ಲಿಸಿದರು. ಮಳೆಗಾಲದಲ್ಲಿ ಶಾಂತಮ್ಮನಿಗೆ ಹೆಣ್ಣು ಮಗುವಾಯಿತು.

ಕೆಂಚನ ಭಯ ಮಾತ್ರ ಬೇಗ ಹೋಗಲಿಲ್ಲ. ಯಜಮಾನರು ಹೆಗಲ ಟವೆಲ್ ಸರಿಮಾಡಿಕೊಳ್ಳಲು ಕೈಯೆತ್ತಿದರೂ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ತಿಂಗಳುಗಳಾದ ಮೇಲೆ ಎಮ್ಮೆಯ ಔಷಧಿಗೆ ಬಂದ ಗಂಗಾಧರಪ್ಪ ಹೊರಡುವಾಗ ತಿರುಗಿ ನಿಂತರು.

“ನೆನ್ನೆ ಕೆಂಚನ ಕಿವೀಲಿದ್ದ ಉಣ್ಣಿ ಕೀಳಕ್ಕೆ ಹೋದೆ, ಗುರ್ ಅಂತು ಸಾರ್. ಕೈ ತಗದು ಸುಮ್ನೆ ಈಚೆಗೆ ಬಂದೆ.”

ಆಮೇಲೆ ಮೂವತ್ತು ವರ್ಷ ಕೆಲಸ ಮಾಡಿದೆ. ನಾಯಿ ಸಾಕಿದವರು ಯಾರೇ ಬಂದರೂ, ಕತ್ತಿನ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತವೆಯೇ ನೋಡಿ ಎನ್ನುತ್ತಿದ್ದೆ. ಗುರ್ ಎಂದರೆ ಹೊಡೆಯಬೇಡಿ, ಹಿಂದೆ ಸರಿದು ಎಲ್ಲಿ ನೋವಿದೆ, ಯಾವುದಕ್ಕೆ ಹೆದರಿದೆ ಎಂದು ಹುಡುಕಿ ಎನ್ನುತ್ತಿದ್ದೆ. ಬೇಡ ಎನ್ನಲು ಅದಕ್ಕಿರುವುದು ಆ ಒಂದೇ ಸದ್ದು. ಅದನ್ನೂ ಹೊಡೆದು ಬಿಡಿಸಿದರೆ ಅದಕ್ಕೆ ಉಳಿಯುವುದು ಹಲ್ಲು ಮಾತ್ರ.