ಬೊಮ್ಮಸಂದ್ರದ ರೈಲು ಚಾಲಕರು

ನಮ್ಮ ಮನೆ ಮಾಲೀಕರಾದ ರಾಮಾಂಜಿನಪ್ಪನವರು ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟಕ್ಕೆ ಕೂರುತ್ತಾರೆ. ಆಯುಧಪೂಜೆಯಲ್ಲಿ ಲಾರಿ ಚಕ್ರಕ್ಕೆ ಇಡುವಂತೆ ಮೌಸಿನ ಕೆಳಗೂ ನಿಂಬೆಹಣ್ಣಿಟ್ಟು ಒತ್ತಿದವರು ಅವರು. ರಸ ಒಳಗಿಳಿದು ಹೊಸ ಮೌಸ್ ತರಬೇಕಾಯಿತು. ವಿಂಡೋಸಿಗೆಂದು ಮಾಡಿದ ಆ ಆಟ ಅವರು ಹಾಕಿಸಿಕೊಂಡಿರುವ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ತಕರಾರಿಲ್ಲದೆ ಓಡುವುದಿಲ್ಲ. ಒಂದು ದಿನ ಹಳಿಯೇ ಮಾಯ, ಇನ್ನೊಂದು ದಿನ ಸದ್ದೇ ಇಲ್ಲ. "ವಿಂಡೋಸೇ ಹಾಕಿಸ್ಕೊಳ್ಳಿ ಸಾರ್" ಎಂದರೆ ನಗುತ್ತಾರೆ: "ಅದ್ರಲ್ಲಿ ನಾವು ಬರೀ ಪ್ಯಾಸೆಂಜರ್ ಕಣಪ್ಪ. ಇದ್ರಲ್ಲಾದ್ರೆ ಎಂಜಿನ್ನೇ ಬಿಚ್ಚಿ ನೋಡ್ಬೋದು." ಎಲ್ಲ ಸರಿಹೋದರೂ ಹೆಂಡತಿ ಪಿಳ್ಳಮ್ಮ ಬಂದು ಪಕ್ಕದಲ್ಲಿ ಕೂರುವವರೆಗೆ ರೈಲು ಹೊರಡದು. ಆಕೆ ಅವರೆಕಾಯಿ ಸುಲಿಯುತ್ತಲೇ ಪರದೆಯ ಮೇಲಿನ ಸಿಗ್ನಲ್ ನೋಡಿ ಕೂಗುತ್ತಾರೆ: "ಅಸ್ರು, ಓಡ್ಸಿ! ಕೆಂಪು, ಕೆಂಪು, ನಿಲ್ಸಿ!" ರಾಮಾಂಜಿನಪ್ಪನವರು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿ ಬ್ರೇಕು ಹಾಕುತ್ತಾರೆ. ಈ ಕೂಗಾಟ ಯಾಕೆಂದು ಒಮ್ಮೆ ಕೇಳಿದೆ. "ನಿಜವಾದ ಎಂಜಿನ್ನಲ್ಲೂ ಇಬ್ರು ಡ್ರೈವರ್ಗಳು ಇಂಗೇ ಕೂಗ್ತಾರೆ" ಎಂದರು ಅವರು. ಪಿಳ್ಳಮ್ಮ ಮೆಲ್ಲಗೆ ಸೇರಿಸಿದರು: "ರೈಲ್ವೆ ಪರೀಕ್ಷೆ ಎಲ್ಲಾ ಪಾಸಾಗಿದ್ರು ಕಣಪ್ಪ. ಕಣ್ಣು ನೋಡಿ ವಾಪಸ್ ಕಳ್ಸಿದ್ರು. ಕೆಂಪ್ಯಾವ್ದು, ಅಸ್ರ್ಯಾವ್ದು ಇವ್ರಿಗೆ ಗೊತ್ತಾಗಲ್ಲ." ರಾಮಾಂಜಿನಪ್ಪನವರು ಪರದೆಯಿಂದ ಕಣ್ಣು ತೆಗೆಯಲಿಲ್ಲ: "ಮಾತು ಸಾಕು, ಮುಂದ್ಲುದ್ ಏನಮ್ಮಿ?" "ಅಸ್ರು ಕಣ್ರೀ, ನಡೀರಿ!" ಅವರು ಹಾರ್ನ್ ಒತ್ತಿದರು, ಅಂದು ಸದ್ದೂ ಬಂತು.