ಹೆಸರು ಮುಚ್ಚಿದ ಆರು ಹಾಳೆಗಳು

ಟೈಪು ಮಾಡಲು ನನ್ನ ಕೈಗೆ ಬಂದ ಮೂರನೆಯ ಹಾಳೆಯ ಅಂಚಿಗೆ ಮೆಣಸಿನಕಾಯಿಯ ಕೆಂಪು ಹತ್ತಿದ ಹೆಬ್ಬೆರಳಿನ ಗುರುತೊಂದಿತ್ತು. ಬ್ಯಾಡಗಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟುಕೊಂಡಿರುವ, ನಮ್ಮ ಓದು ಬಳಗದ ಸದಸ್ಯರೊಬ್ಬರ ಬೆರಳದು. ಉಳಿದ ಐದು ಹಾಳೆಗಳ ಮೇಲೆ ಅದಿರಲಿಲ್ಲ.

ನಾವು ಏಳೆಂಟು ಮಂದಿ ರಾಣೆಬೆನ್ನೂರಿನ ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ ಭಾನುವಾರ ಸೇರುತ್ತೇವೆ. ಪ್ರತಿ ಸಲ ಒಬ್ಬರು ಒಬ್ಬ ಮಾರ್ಕ್ಸ್‌ವಾದಿ ಚಿಂತಕರ ಬಗ್ಗೆ ಮಾತಾಡಬೇಕು. ಮುಂದಿನ ಸರದಿ ನನ್ನದಿತ್ತು, ಅದೂ ಮೊದಲ ಸಲ. ಮನೆಗೆಲಸವೂ ದುಡಿಮೆಯೇ ಎಂದು ವಾದಿಸಿದ ಲೇಖಕಿಯೊಬ್ಬರನ್ನು ಎರಡು ತಿಂಗಳು ಓದಿದ್ದೆ. ಪ್ರಾಧ್ಯಾಪಕರು ಭಾಷಣಗಳ ಪಟ್ಟಿಯಲ್ಲಿ ನಾನು ಬರೆದಿದ್ದ ಆ ಹೆಸರಿನ ಮೇಲೆ ಗೆರೆ ಎಳೆದರು.

“ಆಕಿ ಛಲೋ ಬರದಾಳವಾ, ಇಲ್ಲ ಅನ್ನಂಗಿಲ್ಲ. ಆದ್ರ ಅಸಲಿ ಮಾರ್ಕ್ಸ್‌ವಾದಿ ಅಲ್ಲ. ಬ್ಯಾರೆ ಯಾರನ್ನರ ತಗೋ.”

ನನಗೆ ಬೇರೆ ಯಾರೂ ಬೇಕಿರಲಿಲ್ಲ. ದಲಾಲರು ನಡುವೆ ಬಾಯಿ ಹಾಕಿದರು.

“ಸರ, ನಮ್ಮ ಪ್ಯಾಟಿಯಾಗ ಲಾಟ್ ನಂಬರ್ ನೋಡಿ, ಕಾಯಿ ಮುರದು ನೋಡಿ ರೇಟ್ ಬರೀತಾರ. ಬೆಳದಾಂವ ಯಾರು ಅಂತ ಕೇಳಂಗಿಲ್ಲ. ಇಲ್ಲೂ ಹಂಗ ಮಾಡೂಣಲ್ಲ?”

“ಮೆಣಸಿನಕಾಯಿನೂ ಮಾರ್ಕ್ಸ್‌ವಾದನೂ ಒಂದ ಏನ್ರಿ, ಸಾಹುಕಾರ್ರ?”

“ಎರಡರಾಗೂ ಬಣ್ಣ ನೋಡೇ ಮೋಸ ಹೋಗೂದ್ರಿ!”

ಎಲ್ಲರೂ ನಕ್ಕರು, ಒಪ್ಪಿದರು. ಯಾವುದು ಅಸಲಿ ಎಂದು ಪ್ರಾಧ್ಯಾಪಕರು ಹೆಸರು ನೋಡದೆ ಹೇಳಬೇಕು. ನನ್ನನ್ನೂ ಸೇರಿಸಿ ಆರು ಜನ ಒಬ್ಬೊಬ್ಬ ಬರಹಗಾರರ ಒಂದೊಂದು ಪುಟ ಕೊಟ್ಟೆವು. ಹಾವೇರಿಯ ನನ್ನ ಮನೆಯಲ್ಲಿ ನಾನು ಎಲ್ಲವನ್ನೂ ಒಂದೇ ಬಗೆಯ ಅಕ್ಷರದಲ್ಲಿ ಟೈಪು ಮಾಡಿ, ಹೆಸರಿನ ಬದಲು ನಂಬರು ಹಾಕಿದೆ. ನನ್ನ ಲೇಖಕಿಯದು ಐದನೆಯದು. ಅಡುಗೆಮನೆಯ ಮಾತೇ ಬಾರದ ಪುಟವನ್ನು ಬೇಕೆಂದೇ ಆರಿಸಿದ್ದೆ. ಮೂರನೆಯದು ದಲಾಲರು ಕೊಟ್ಟಿದ್ದು. ಯಾರು ಬರೆದದ್ದೆಂದು ನನಗೂ ಹೇಳಿರಲಿಲ್ಲ.

ಭಾನುವಾರ ಹಾಳೆಗಳು ಕೈಯಿಂದ ಕೈಗೆ ಹೋದವು. ಪ್ರಾಧ್ಯಾಪಕರು ಕನ್ನಡಕ ಏರಿಸಿ ಕೊನೆಗೆ ತೀರ್ಪು ಕೊಟ್ಟರು.

“ಐದನೇದ್ದು ಅಸಲಿ. ಅದರಾಗ ಎರಡು ಮಾತಿಲ್ಲ. ಮೂರನೇದ್ದು ಮಾತ್ರ ಯಾವನೋ ಅರ್ಧಂಬರ್ಧ ಓದಿದಾಂವ ಬರದಾನ. ಬರೇ ಭಾಷಣ. ಇದು ಮಾರ್ಕ್ಸ್‌ವಾದ ಅಲ್ಲ.”

ದಲಾಲರು ಗಂಟಲು ಸರಿಮಾಡಿಕೊಂಡರು. “ಸರ, ಅದು ನಿಮ್ಮದ ಐತ್ರಿ. ಕಾಲೇಜ್ ಮ್ಯಾಗಜಿನ್ನಿಗೆ ಬರದಿದ್ರಿ. ನಾ ನಿಮ್ಮ ಕ್ಲಾಸಿನ್ಯಾಗಿದ್ದೆ, ಇಷ್ಟು ವರ್ಷ ಜ್ವಾಕಿ ಮಾಡೇನಿ.”

ಒಳಗಿನಿಂದ ಪ್ರಾಧ್ಯಾಪಕರ ಹೆಂಡತಿಯ ದನಿ ಬಂತು: “ಬರೇ ಭಾಷಣ ಅಂತ ನಾ ಅವಾಗನ ಹೇಳಿದ್ನಿ, ಕೇಳಿದ್ರೇನು?”

ಮೊದಲು ನಕ್ಕವರು ಪ್ರಾಧ್ಯಾಪಕರೇ. ನಗು ನಿಲ್ಲಿಸಿದವರಲ್ಲಿ ಕೊನೆಯವರೂ ಅವರೇ. ಕಣ್ಣೊರೆಸಿಕೊಂಡು ಐದನೆಯದು ಯಾರದೆಂದು ಕೇಳಿದರು. ಹೇಳಿದೆ. ಪೆನ್ನು ತೆಗೆದು, ಗೆರೆ ಎಳೆದ ಹೆಸರನ್ನು ಅದರ ಪಕ್ಕದಲ್ಲೇ ಮತ್ತೊಮ್ಮೆ ಬರೆದರು.

“ಮಾತಾಡವಾ. ಆದ್ರ ಪ್ರಶ್ನೆ ಕೇಳೂದು ನಾ ಬಿಡಂಗಿಲ್ಲ.”

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನನ್ನ ಭಾಷಣದ ಟಿಪ್ಪಣಿ ತೆರೆದೆ. ಮೊದಲ ನಾಲ್ಕು ಪುಟ ಆಕೆ ನಿಜವಾದ ಮಾರ್ಕ್ಸ್‌ವಾದಿಯೇ ಎಂದು ಸಾಧಿಸುವುದರಲ್ಲೇ ಕಳೆದಿದ್ದೆ. ಅವನ್ನು ತೆಗೆದುಹಾಕಿ, ಆಕೆ ಏನು ಹೇಳಿದರು ಎಂಬಲ್ಲಿಂದ ಶುರು ಮಾಡಿದೆ.